ಬಿರುಕಿಗೆ ಕಿವಿಗೊಟ್ಟು

ಮೇ ತಿಂಗಳು ಬಂತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನದ ಮೀನುಗಾರಿಕೆ ನಿಷೇಧಕ್ಕೆ ಯಾಂತ್ರೀಕೃತ ಬೋಟುಗಳು ದಡ ಸೇರಿದರೆ, ನಮ್ಮ ಗಂಗೊಳ್ಳಿಯ ಕಡಲು ನಾಡದೋಣಿಗಳ ಪಾಲು. ಅಷ್ಟರೊಳಗೆ ಫೈಬರ್ ದೋಣಿಗಳನ್ನು ಮರಳ ಮೇಲೆ ಕವುಚಿ ಹಾಕಿ, ಬಿರುಕುಗಳನ್ನೆಲ್ಲ ಬೆಸೆದು ಮುಗಿಸಬೇಕು. ವರ್ಷದಲ್ಲಿ ನನಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಬಿರುಕನ್ನು ಕಿವಿಯಿಂದ ಹುಡುಕಲು ಕಲಿಸಿದವರು ನನ್ನ ಮಾವ. ನಾಣ್ಯ ಹಿಡಿದು ದೋಣಿಯ ಹೊಟ್ಟೆಯುದ್ದಕ್ಕೂ ಬಡಿಯುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ‘ಟಣ್’. ಒಳಪದರ ಬಿಟ್ಟುಕೊಂಡಲ್ಲಿ ‘ಡಬ್’. ಮೇಲೆ ಕೂದಲೆಳೆಯಷ್ಟು ಕಂಡದ್ದು ಒಳಗೆ ಅಂಗೈಯಗಲ ಹಬ್ಬಿರುವುದುಂಟು.

ಮೊದಲ ವರ್ಷ ಅಂಥದೊಂದು ಗೆರೆಗೆ ನಾನು ಪುಟ್ಟಿ ಮೆತ್ತಿ, ಬಣ್ಣ ಬಳಿದುಬಿಟ್ಟಿದ್ದೆ. ಆಷಾಢದ ಅಲೆಗೆ ಅದೇ ಗೆರೆ ಮತ್ತೆ ಬಾಯಿಬಿಟ್ಟಿತು. “ಮುಚ್ಚುವ ಮೊದಲು ಬಿಡಿಸಬೇಕು ಮಗಾ,” ಎಂದರು ಮಾವ. ಅಂದಿನಿಂದ ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸುತ್ತೇನೆ. ಮೂಗು-ಬಾಯಿಗೆ ಮಾಸ್ಕ್ ಕಟ್ಟಿ, ಗಟ್ಟಿ ಪದರ ಸಿಗುವವರೆಗೆ ಗ್ರೈಂಡರ್ ಹಿಡಿಯುತ್ತೇನೆ. 6 ಮಿ.ಮೀ. ದಪ್ಪಕ್ಕೆ ಸುತ್ತಲೂ 7 ಸೆಂ.ಮೀ.ಯಷ್ಟು ಇಳಿಜಾರು ತೆಗೆಯುತ್ತೇನೆ. ಹೊಸ ಪದರಕ್ಕೆ ಹಿಡಿತ ಸಿಗುವುದು ಆ ಇಳಿಜಾರಿನಲ್ಲೇ. ಕೊನೆಗೆ ಅಸಿಟೋನ್ ಹಾಕಿ ಒರೆಸಿದರೆ ಹೊಸ ಪದರಕ್ಕೆ ದೋಣಿ ಸಿದ್ಧ.

ಆಮೇಲಿನದು ನಾನು ವರ್ಷವಿಡೀ ಕಾಯುವ ಗಳಿಗೆ. ಪಾಲಿಯೆಸ್ಟರ್ ರೆಸಿನ್ ಒಂದು ಕಿಲೋಗೆ ಹಾರ್ಡ್‌ನರ್ 10ರಿಂದ 20 ಮಿ.ಲೀ.; ಮೇ ತಿಂಗಳ ಸೆಕೆಗೆ 10 ಸಾಕು. ಹೆಚ್ಚಾದರೆ ಡಬ್ಬಿಯಲ್ಲೇ ಕಾದು ಕಲ್ಲಾಗುತ್ತದೆ. ಗಾಜಿನೆಳೆಯ ಹಾಲುಬಿಳಿ ಮ್ಯಾಟ್ ಹಾಸಿ, ಬ್ರಷ್‌ನಿಂದ ರೆಸಿನ್ ಒತ್ತುತ್ತ ಹೋದಂತೆ ಅದರ ಎಳೆಗಳು ಮೆತ್ತಗಾಗುತ್ತವೆ, ಬಿಳುಪು ಕರಗುತ್ತದೆ, ಅಡಿಯಲ್ಲಿ ನಾನು ಪೆನ್ಸಿಲ್ಲಿನಿಂದ ಎಳೆದ ಗುರುತು ತಿಳಿನೀರಿನೊಳಗಿನ ಕಡ್ಡಿಯಂತೆ ಮೇಲೆದ್ದು ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ತಣಿಯದು. ಎಲ್ಲಾದರೂ ಬಿಳಿ ಚುಕ್ಕೆ ಉಳಿಯಿತೋ, ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ರೋಲರ್ ಆಡಿಸಿ ಅದನ್ನು ಅಂಚಿಗೆ ತಳ್ಳಿ ಹೊರಹಾಕಬೇಕು. ತುಸು ಹೊತ್ತಿನ ಮೇಲೆ ಅಂಗೈ ಹತ್ತಿರ ಹಿಡಿದರೆ ಬಿಸಿ ತಾಗುತ್ತದೆ. ರೆಸಿನ್ ಗಟ್ಟಿಯಾಗತೊಡಗಿದ ಗುರುತು ಅದು.

ಮರುದಿನ ಸ್ಯಾಂಡ್‌ಪೇಪರ್ ಉಜ್ಜಿ ಜೆಲ್‌ಕೋಟ್ ಬಳಿಯುವ ಮೊದಲು ಮತ್ತೆ ಅದೇ ನಾಣ್ಯ ತೆಗೆಯುತ್ತೇನೆ. ‘ಟಣ್’ ಎಂದ ಮೇಲೆಯೇ ಮುಂದಿನ ಕೆಲಸ. ಆ ದೋಣಿಯಲ್ಲಿ ಕೂತು ಅಳಿವೆ ದಾಟುವವರು ನಮ್ಮ ಮನೆಯವರು, ನೆರೆಯವರು. ಹಾಗಾಗಿ ದೋಣಿ ಇರುವ ಎಲ್ಲರಲ್ಲೂ ನನ್ನದೊಂದು ಮಾತು: ಬಣ್ಣದ ಡಬ್ಬಿ ತೆರೆಯುವ ಮೊದಲು ಒಮ್ಮೆ ನಾಣ್ಯದಿಂದ ಬಡಿದು ನೋಡಿ.