ಸ್ಟುಡಿಯೋದೊಳಗೆ ಕುದುರೆ

ಕಡಲಿನ ಮೇಲೆ ಹಾಡು ಕಟ್ಟಿ ಹೆಸರಾದ ಬೀಚ್ ಬಾಯ್ಸ್ ತಂಡದಲ್ಲಿ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲಬಲ್ಲವನೆಂದರೆ ಡೆನ್ನಿಸ್ ವಿಲ್ಸನ್ ಒಬ್ಬನೇ. ಹಾಡು ಕಟ್ಟುತ್ತಿದ್ದ ಅವನ ಅಣ್ಣ ಬ್ರಿಯಾನ್‌ಗೆ ಸರ್ಫಿಂಗ್ ಬರುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಎಳವೆಯಿಂದಲೂ ಬಲಗಿವಿ ಮಂದ. ಕ್ಯಾಲಿಫೋರ್ನಿಯಾದ ಹಾಥೋರ್ನ್ ಊರಿನ ಈ ಹುಡುಗ ಪಿಯಾನೋ ಮುಂದೆ ಕೂತು, ಒಂದೇ ಕಿವಿಯನ್ನು ನೆಚ್ಚಿಕೊಂಡು, ದೇಶಕ್ಕೆಲ್ಲ ಸಮುದ್ರದ ಹುಚ್ಚು ಹಿಡಿಸಿದ. ಇದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ದಾಂಪತ್ಯದ ಬಗ್ಗೆ ಸೊಗಸಾಗಿ ಮಾತಾಡುವವರೂ ಸಾಮಾನ್ಯವಾಗಿ ಮದುವೆಯಾಗದವರೇ.

1964ರ ಡಿಸೆಂಬರಿನಲ್ಲಿ, ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಬ್ರಿಯಾನ್‌ನ ಧೈರ್ಯ ಕುಸಿಯಿತು. ಆಮೇಲೆ ಊರೂರು ತಿರುಗುವುದನ್ನು ಬಿಟ್ಟುಬಿಟ್ಟ. 1966ರ ಜನವರಿಯಲ್ಲಿ ತಮ್ಮಂದಿರು ಜಪಾನಿನಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದಾಗ, ಇವನು ಹಾಲಿವುಡ್‌ನ ಸ್ಟುಡಿಯೋ ಸೇರಿ ‘ಪೆಟ್ ಸೌಂಡ್ಸ್’ ಆಲ್ಬಂಗೆ ವಾದ್ಯ ಕೂಡಿಸುತ್ತಿದ್ದ. ವಯಸ್ಸು ಇಪ್ಪತ್ತಮೂರು. ಸಾಹಿತ್ಯಕ್ಕೆ ಹಿಡಿದು ತಂದದ್ದು ಜಾಹೀರಾತು ಬರೆಯುವ ಟೋನಿ ಆಶರ್ ಎಂಬಾತನನ್ನು. ಸರಕು ಮಾರುವ ಮಾತು ಬರೆದು ಪಳಗಿದವನ ಹತ್ತಿರ ಈ ಹುಡುಗ ತನ್ನ ಅಳುಕನ್ನೆಲ್ಲ ತೋಡಿಕೊಂಡ. ಅವನು ಅದಕ್ಕೆ ಮಾತು ಹೊಂದಿಸಿಕೊಟ್ಟ.

ಡ್ರಮ್ಮಿನ ಹ್ಯಾಲ್ ಬ್ಲೇನ್, ಬೇಸ್ ಗಿಟಾರಿನ ಕ್ಯಾರಲ್ ಕೇ ಅಂಥ ನುರಿತವರು ಎದುರಿಗೆ. ಅವರ ಮುಂದೆ ಇವನ ಬೇಡಿಕೆಗಳನ್ನು ನೋಡಿ: ಒಂದು ಹಾಡಿಗೆ ಸೈಕಲ್ ಗಂಟೆ, ಪೋಂ ಪೋಂ ಅನ್ನುವ ಹಾರ್ನು, ಇನ್ನೊಂದಕ್ಕೆ ನೀರಿನ ಖಾಲಿ ಕ್ಯಾನಿನ ಮೇಲೆ ಬಡಿತ. ಒಮ್ಮೆಯಂತೂ ಇಂಜಿನಿಯರ್ ಚಕ್ ಬ್ರಿಟ್ಜ್‌ನನ್ನು, ಏನೂ ಹಾಳುಮಾಡದ ಹಾಗೆ ಇಲ್ಲಿಗೊಂದು ಕುದುರೆ ತರಬಹುದೇ ಎಂದು ವಿಚಾರಿಸಿದ್ದಾನೆ. ಆ ವಿಚಾರಣೆ ಟೇಪಿನಲ್ಲಿ ಉಳಿದುಕೊಂಡಿದೆ. ದನಿಯಲ್ಲಿ ತಮಾಷೆಯ ಸುಳಿವಿಲ್ಲ, ನೆಂಟರಿಗೆ ಇನ್ನೊಂದು ಕುರ್ಚಿ ಸಿಕ್ಕೀತೇ ಎಂದು ಕೇಳಿದ ಹಾಗಿದೆ. ಕುದುರೆ ಬರಲಿಲ್ಲ. ಮನೆಯ ನಾಯಿಗಳಾದ ಬನಾನಾ ಮತ್ತು ಲೂಯಿ ಬಂದವು.

ಅವೆರಡೂ ಬೊಗಳುವುದು ಆಲ್ಬಂನ ಕೊನೆಯಲ್ಲಿ, ರೈಲೊಂದು ಹಾದುಹೋಗುವ ಸದ್ದಿನ ಜತೆ. ಹಾಸ್ಟೆಲ್ಲಿನ ಕೋಣೆಯಲ್ಲಿ ನಾನು ಕ್ಯಾಸೆಟ್ ಹಾಕಿದ ರಾತ್ರಿ, ಪಕ್ಕದ ಮಂಚದ ಗೆಳೆಯ ಚಪ್ಪಲಿ ಕೈಗೆತ್ತಿಕೊಂಡು ಕಿಟಕಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ‘ಹಚಾ’ ಅಂದ. ನಾಯಿ ಟೇಪಿನೊಳಗಿದೆ ಅಂದೆ. ನಂಬಲಿಲ್ಲ. ಕಾಸು ಕೊಟ್ಟು ಯಾರಾದರೂ ನಾಯಿ ಬೊಗಳುವುದನ್ನು ಕೊಳ್ಳುತ್ತಾರೆಯೇ ಎಂಬ ಅವನ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಅರೆಬರೆ ಉತ್ತರವಿದೆ. ಆಲ್ಬಂನ ಮೊದಲ ಹಾಡಿನಲ್ಲಿ ಹುಡುಗ ಹುಡುಗಿ ಬೇಗ ದೊಡ್ಡವರಾಗಬೇಕೆಂದು ಹಾತೊರೆಯುತ್ತಾರೆ. ಕೊನೆಯದರಲ್ಲಿ ಹುಡುಗಿ ದೊಡ್ಡವಳಾಗಿದ್ದಾಳೆ, ಉದ್ದ ಕೂದಲು ಹೋಗಿದೆ, ಹುಡುಗನಿಗೆ ಅಳುವೊಂದು ಬಾಕಿ. ನಡುವೆ ಹೆಚ್ಚೆಂದರೆ ಮೂವತ್ತಾರು ನಿಮಿಷ. ಆ ಕೊನೆಯ ಹಾಡಿನ ಟೇಪನ್ನು ಕೊಂಚ ವೇಗವಾಗಿ ಓಡಿಸು, ದನಿ ಎಳೆಯದಾಗುತ್ತದೆ ಎಂದು ಸಲಹೆ ಕೊಟ್ಟವನು ಅಪ್ಪ ಮರ್ರಿ. ಗದರಿಕೆಯಲ್ಲೇ ಮಕ್ಕಳನ್ನು ಬೆಳೆಸಿದವನು, ಮ್ಯಾನೇಜರ್ ಕೆಲಸದಿಂದ ಮಕ್ಕಳೇ ಬಿಡಿಸಿ ಕಳಿಸಿದ್ದ ಅಪ್ಪ. ಮಗ ಚಿಕ್ಕವನಾಗಿದ್ದಾಗ ಹೇಗೆ ಹಾಡುತ್ತಿದ್ದ ಎಂಬುದು ಅವನಿಗೂ ನೆನಪಿತ್ತೇನೋ. ಮಗ ಮರುಮಾತಿಲ್ಲದೆ ಹಾಗೇ ಮಾಡಿದ.

1966ರ ಮೇ 16ರಂದು ರೆಕಾರ್ಡು ಹೊರಬಂತು. ರಕ್ಷಾಕವಚದ ಮೇಲೆ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆಡುಗಳಿಗೆ ತಿನ್ನಿಸುತ್ತಿರುವ ತಂಡ. ಆಡುಗಳೇ ಹೆಚ್ಚು ನೆಮ್ಮದಿಯಾಗಿ ಕಾಣುತ್ತವೆ. ಅಮೆರಿಕದ ಪಟ್ಟಿಯಲ್ಲಿ ಅದು ಹತ್ತನೆಯ ಸ್ಥಾನಕ್ಕೆ ನಿಂತಿತು. ಎರಡು ತಿಂಗಳಾಗುವಷ್ಟರಲ್ಲಿ ಕ್ಯಾಪಿಟಲ್ ಕಂಪನಿ ತಂಡದ ಹಳೆಯ ಜನಪ್ರಿಯ ಹಾಡುಗಳ ಸಂಕಲನವನ್ನು ಮಾರುಕಟ್ಟೆಗೆ ಬಿಟ್ಟಿತು. ಆದರೆ ಇಂಗ್ಲೆಂಡಿನಲ್ಲಿ ‘ಪೆಟ್ ಸೌಂಡ್ಸ್’ಗೆ ಎರಡನೆಯ ಸ್ಥಾನ. ಬೀಟಲ್ಸ್‌ನ ‘ರಬ್ಬರ್ ಸೋಲ್’ ಕೇಳಿ ಹಟ ತೊಟ್ಟು ಬ್ರಿಯಾನ್ ಇದನ್ನು ಮಾಡಿದ್ದ. ಇದನ್ನು ಕೇಳಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ಮಾಡಿದರು. ಎರಡು ದಡಗಳ ಈ ಜಿದ್ದಿನಲ್ಲಿ ಲಾಭವಾದದ್ದು ನಮಗೆ. ಬ್ರಿಯಾನ್ ಮಾತ್ರ ಮುಂದಿನ ಆಲ್ಬಂ ಮುಗಿಸಲಾಗದೆ ಕೈಚೆಲ್ಲಿದ. ಅದು ಅವನ ಕೈಯಲ್ಲೇ ಪೂರ್ಣಗೊಂಡು ಬರಲು 2004 ಆಗಬೇಕಾಯಿತು.

ಅಲೆಗಳ ಸಲಿಗೆಯಿದ್ದ ಡೆನ್ನಿಸ್‌ನನ್ನು 1983ರಲ್ಲಿ ನೀರೇ ತೆಗೆದುಕೊಂಡಿತು. ‘ಪೆಟ್ ಸೌಂಡ್ಸ್’ನ ‘ಗಾಡ್ ಓನ್ಲಿ ನೋಸ್’ ಹಾಡಿದ ಇನ್ನೊಬ್ಬ ತಮ್ಮ ಕಾರ್ಲ್ 1998ರಲ್ಲಿ ಹೋದ. ಆಮೇಲೆ ಅಣ್ಣನೇ ಆ ಹಾಡನ್ನು ವೇದಿಕೆಯ ಮೇಲೆ ಹಾಡತೊಡಗಿದ. ವೇದಿಕೆಗೆ ಹೆದರಿ ಮನೆ ಸೇರಿದ್ದವನು ಬ್ರಿಯಾನ್. ತಮ್ಮಂದಿರಲ್ಲಿ ಒಬ್ಬರೂ ಉಳಿಯದಿದ್ದಾಗ ಆಲ್ಬಂ ಹೊತ್ತು ಊರೂರು ತಿರುಗಿದವನೂ ಅವನೇ. 2025ರ ಜೂನ್‌ನಲ್ಲಿ ತೀರಿಕೊಂಡ. ಆಲ್ಬಂಗೆ ಐವತ್ತು ತುಂಬಿದ 2016ರ ಪ್ರವಾಸದಲ್ಲಿ ತಾರಕದ ಸ್ವರಗಳು ಅವನಿಗೆ ಎಟುಕುತ್ತಿರಲಿಲ್ಲ. ಅವನ್ನು ಹಳೆಯ ಜತೆಗಾರ ಆಲ್ ಜಾರ್ಡೀನನ ಮಗ ಮ್ಯಾಟ್ ಹಾಡುತ್ತಿದ್ದ. ಎಪ್ಪತ್ತು ದಾಟಿದ ಬ್ರಿಯಾನ್ ಪಿಯಾನೋ ಮುಂದೆ ಕೂತು, ಬೇಗ ದೊಡ್ಡವರಾಗುವ ಆಸೆಯ ಹಾಡಿನಿಂದಲೇ ಶುರುಮಾಡುತ್ತಿದ್ದ. ಆಲ್ಬಂನಲ್ಲಿ ಮೊದಲು ಬರುವುದು ಅದೇ, ಏನು ಮಾಡುವುದು?