ಗುರಾಣಿಯನ್ನಿಳಿಸುವ ಹೊತ್ತು

ಹಿಂಸೆ-ಅಹಿಂಸೆಗಳ ಪ್ರಶ್ನೆ ಶಾಸ್ತ್ರಸಭೆಯಲ್ಲಿಯೇ ಏಳಬೇಕೆಂಬ ನಿಯಮವಿಲ್ಲ. ಒಮ್ಮೊಮ್ಮೆ ಅದು ಮನೆಯ ಜಗಲಿಯಲ್ಲಿ, ಮಳೆಯ ಸದ್ದಿನ ನಡುವೆ, ಇನ್ನೂ ಮೀಸೆ ಚಿಗುರುತ್ತಿರುವ ಹುಡುಗನೊಬ್ಬನ ಬಾಯಿಂದ ಹೊರಡುತ್ತದೆ. ಕುಮಟೆಯ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಹಾಗೆಯೇ ಆಯಿತು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೊಮ್ಮಗ ಚೌತಿಯ ರಜೆಗೆ ಊರಿಗೆ ಬಂದಿದ್ದ. ಮರುದಿನ ಭಾದ್ರಪದ ಶುಕ್ಲ ಪಂಚಮಿ, ದಶಲಕ್ಷಣ ಪರ್ವದ ಆರಂಭ. ಆ ಹತ್ತು ದಿನಗಳಿಗೆ ಯಾರು ಯಾವ ನಿಯಮ ಹಿಡಿಯಬೇಕೆಂದು ಮನೆಯಲ್ಲಿ ಮಾತು ನಡೆದಿತ್ತು. ಸುಮ್ಮನೆ ಕೇಳುತ್ತಿದ್ದ ಹುಡುಗ ನಡುವೆ ಕೇಳಿದ: “ಅಜ್ಜ, ಕಂಪ್ಯೂಟರಿನ ಆಟದಲ್ಲಿ ಕೊಂದರೆ ಅದೂ ಹಿಂಸೆಯೇ?”

ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. “ಆ ಆಟವನ್ನೇ ಬಿಟ್ಟುಬಿಡು” ಎಂಬ ಮಾತು ಅಜ್ಜನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಅಪ್ಪಣೆಯಾಗುತ್ತದೆಯೇ ಹೊರತು ಉತ್ತರವಾಗುವುದಿಲ್ಲ ಎಂಬುದನ್ನು ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ಆ ಹಿರಿಯರು ಬಲ್ಲರು. “ಮೊದಲು ನಿನ್ನ ಆಟವನ್ನು ತೋರಿಸು” ಎಂದು ಕನ್ನಡಕ ಏರಿಸಿಕೊಂಡು ಮೊಮ್ಮಗನ ಪಕ್ಕದಲ್ಲಿ ಕುಳಿತರು.

ಹುಡುಗ ತೋರಿಸಿದ್ದು ‘ಎಲ್ಡನ್ ರಿಂಗ್’ ಎಂಬ ಆಟ. 2022ರಲ್ಲಿ ಜಪಾನಿನ ಸಂಸ್ಥೆಯೊಂದು ಹೊರತಂದದ್ದು. ಇಂತಹ ಆಟಗಳ ಮೂಲ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನ ಆಟದಲ್ಲಿದೆ. ಅಲ್ಲಿ ಪರದೆಯಿರಲಿಲ್ಲ, ಕಾಗದ, ಸೀಸದಕಡ್ಡಿ, ದಾಳ ಇಷ್ಟೇ. ಆಡುವವನು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರರಲ್ಲಿ ಒಂದು ಪಾತ್ರವನ್ನು ಆರಿಸಿಕೊಂಡು ಅದರ ಶಕ್ತಿಗಳನ್ನು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಅರ್ಧ ಶತಮಾನ ಕಳೆದರೂ ಆ ಮೂಲಕ್ರಮ ಮಾಸಿಲ್ಲ. ಆಟಗಾರನು ಮೊದಲು ಒಬ್ಬ ಮನುಷ್ಯನನ್ನು ಕಟ್ಟಬೇಕು. ಆಮೇಲೆ ಲೋಕಕ್ಕೆ ಇಳಿಯಬೇಕು.

ಹುಡುಗ ಕಟ್ಟಿದ್ದು ಕತ್ತಿ-ಗುರಾಣಿಯ ಯೋಧನನ್ನು. ಎಂಟು ಗುಣಗಳ ಪಟ್ಟಿಯೊಂದು ಪರದೆಯ ಮೇಲಿತ್ತು. ಅಜ್ಜ ಅವುಗಳಿಗೆ ಒಂದೊಂದಾಗಿ ಕನ್ನಡದ ಹೆಸರಿಟ್ಟರು: ಪ್ರಾಣಬಲ, ಮನೋಬಲ, ತಾಳಿಕೆ, ತೋಳ್ಬಲ, ಕೈಚಳಕ, ಬುದ್ಧಿ, ಶ್ರದ್ಧೆ, ಗೂಢಬಲ. ಯೋಧನಿಗೆ ಬೇಕಾದವು ಮೊದಲು ಪ್ರಾಣಬಲ, ಆಮೇಲೆ ತಾಳಿಕೆ, ಕತ್ತಿ ಬೀಸುವಷ್ಟು ತೋಳ್ಬಲ. ಪ್ರಾಣಬಲವನ್ನು ನಲವತ್ತರವರೆಗೆ ಏರಿಸಿದರೆ ಒಳ್ಳೆಯ ಫಲವುಂಟು. ಅರವತ್ತು ದಾಟಿದ ಮೇಲೆ ಸುರಿದದ್ದೆಲ್ಲ ಹೆಚ್ಚುಕಡಿಮೆ ವ್ಯರ್ಥ. ತಾಳಿಕೆ ಕಡಿಮೆಯಿದ್ದರೆ ಭಾರವಾದ ಕವಚ ತೊಟ್ಟವನು ಚುರುಕಾಗಿ ಉರುಳಿ ತಪ್ಪಿಸಿಕೊಳ್ಳಲಾರ. ಆರಂಭದಲ್ಲಿ ಆ ಯೋಧನಿಗೆ ಒಂಬತ್ತು ಅಂಕದ ಶ್ರದ್ಧೆಯನ್ನು ಕೊಡಲಾಗಿತ್ತು. ಅದು ಇನ್ನೂ ಒಂಬತ್ತರಲ್ಲಿಯೇ ನಿಂತಿತ್ತು. “ಇದನ್ನೇಕೆ ಬೆಳೆಸಲಿಲ್ಲ?” ಎಂದು ಅಜ್ಜ ಕೇಳಿದರು. “ಕತ್ತಿಯವನಿಗೆ ಅದರ ಅಗತ್ಯವಿಲ್ಲ ಅಜ್ಜ” ಎಂದ ಹುಡುಗ. ಇಬ್ಬರೂ ನಕ್ಕರು.

“ಈ ಅಂಕಗಳು ಎಲ್ಲಿಂದ ಬರುತ್ತವೆ?” ಎಂಬುದು ಅಜ್ಜನ ಮುಂದಿನ ಪ್ರಶ್ನೆ. ಹುಡುಗ ವಿವರಿಸಿದ. ಎದುರಾದವರನ್ನು ಕೊಂದಾಗಲೆಲ್ಲ ‘ರೂನ್’ ಎಂಬ ಗಳಿಕೆ ದೊರೆಯುತ್ತದೆ. ಅದನ್ನು ತೆತ್ತು ಗುಣಗಳನ್ನು ಏರಿಸಿಕೊಳ್ಳಬೇಕು. ಮೇಲೇರಿದಂತೆ ಪ್ರತಿ ಮೆಟ್ಟಿಲಿನ ಬೆಲೆಯೂ ಏರುತ್ತದೆ. ತಾನೇ ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲಿಯೇ ಉಳಿಯುತ್ತದೆ. ಅಲ್ಲಿಗೆ ಮರಳುವ ಮೊದಲೇ ಮತ್ತೊಮ್ಮೆ ಸತ್ತರೆ ಅದು ಶಾಶ್ವತವಾಗಿ ಹೋಯಿತು. ದಣಿದಾಗ ಕುಳಿತು ವಿಶ್ರಮಿಸಲು ಅಲ್ಲಲ್ಲಿ ಬೆಳಕಿನ ತಾಣಗಳಿವೆ. ಆದರೆ ಅಲ್ಲಿ ಕುಳಿತು ಎದ್ದೊಡನೆ, ಕೊಂದಿದ್ದ ಸಾಮಾನ್ಯ ವೈರಿಗಳೆಲ್ಲ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಎದ್ದು ನಿಂತಿರುತ್ತಾರೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಯಶೋಧರನ ಕಥೆಯನ್ನು ನೆನಪಿಸಿದರು. ಜನ್ನನು 1209ರಲ್ಲಿ ಕನ್ನಡಿಸಿದ ಆ ಕಥೆಯನ್ನು ಹುಡುಗ ಚಿಕ್ಕಂದಿನಲ್ಲಿ ಅವರ ಬಾಯಿಂದಲೇ ಕೇಳಿದ್ದ. ಪ್ರಾಣಿಬಲಿಗೆ ಒಪ್ಪದ ಅರಸ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ರಕ್ತವಿಲ್ಲ, ಜೀವವಿಲ್ಲ. ಆದರೂ ಆ ಒಂದು ಏಟಿನ ಫಲವಾಗಿ ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಕೊಲ್ಲುವ ಸಂಕಲ್ಪವೇ ಹಿಂಸೆ. ಹಿಟ್ಟು ಅದಕ್ಕೊಂದು ನೆಪ. ನಮ್ಮ ಆಚಾರ್ಯರು ಹಿಂಸೆಯನ್ನು ವಿವರಿಸುವಾಗ ಜೀವಹಾನಿಗಿಂತ ಮೊದಲು ಪ್ರಮಾದವನ್ನೂ ರಾಗದ್ವೇಷಗಳನ್ನೂ ಹೆಸರಿಸಿದ್ದು ಇದಕ್ಕಾಗಿಯೇ.

ಹುಡುಗ ಅಷ್ಟಕ್ಕೆ ಸೋಲಲಿಲ್ಲ. “ಆದರೆ ಅಜ್ಜ, ಯಶೋಧರ ಬಲಿಯಿಂದ ತನಗೆ ಒಳಿತಾಗುತ್ತದೆಂದು ನಂಬಿ ಕಡಿದ. ಅವನ ಮಟ್ಟಿಗೆ ಅದು ಆಟವಾಗಿರಲಿಲ್ಲ. ನನಗೆ ಇದು ಆಟವೆಂದು ಗೊತ್ತಿದೆ. ಯಕ್ಷಗಾನದಲ್ಲಿ ಕರ್ಣನನ್ನು ಕೊಲ್ಲುವ ಅರ್ಜುನನ ವೇಷಧಾರಿಗೆ ಪಾಪವುಂಟೇ?” ಹೊನ್ನಾವರ, ಕುಮಟೆಗಳ ಸೀಮೆಯಲ್ಲಿ ಬೆಳೆದ ಯಾರೂ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ರಾತ್ರಿಯಿಡೀ ರಂಗದಲ್ಲಿ ಒಬ್ಬರನ್ನೊಬ್ಬರು ಕೊಂದವರು ಬೆಳಗಿನ ಜಾವ ಬಣ್ಣ ತೊಳೆದು ಒಟ್ಟಿಗೆ ಚಹಾ ಕುಡಿಯುವುದನ್ನು ಅಜ್ಜನೂ ಕಂಡವರೇ. ಹುಡುಗನ ವಾದದಲ್ಲಿ ತೂಕವಿದೆ ಎಂದು ಒಪ್ಪಿಕೊಂಡರು. ಶ್ರಾವಕನಿಗೆ ಹೇಳಿರುವ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಇದನ್ನು ಎಲ್ಲಿಡಬೇಕೆಂದು ಯೋಚಿಸಿದರು. ಕೂಡಲೇ ತೀರ್ಪು ಕೊಡಲಿಲ್ಲ. “ಭಾನುವಾರ ಒಂದು ಸುತ್ತು ಹೋಗಿ ಬರೋಣ, ನಿಜವಾದ ಕತ್ತಿ-ಗುರಾಣಿಯವರು ಬಾಳಿದ ಜಾಗಗಳನ್ನು ನೋಡೋಣ” ಎಂದರು.

ಆ ಭಾನುವಾರ ಮಳೆ ತುಸು ಬಿಡುವು ಕೊಟ್ಟಿತ್ತು. ಮೊದಲು ಮಿರ್ಜಾನ ಕೋಟೆ. ಅಘನಾಶಿನಿಯ ಬದಿಯ ಆ ಜಂಬಿಟ್ಟಿಗೆಯ ಗೋಡೆಗಳು ಮಳೆಗಾಲದಲ್ಲಿ ಹಾವಸೆ ಹೊದ್ದು ಹಸುರಾಗಿರುತ್ತವೆ. ಸುತ್ತಲಿನ ಕಂದಕದಲ್ಲಿ ನೀರು ತುಂಬಿರುತ್ತದೆ. ಈ ಕೋಟೆಯೊಡನೆ ಜನ ನೆನೆಯುವುದು 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು. ಕರಿಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದಿದ್ದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. 1569ರಲ್ಲಿ ಹೊನ್ನಾವರ ಅವರ ವಶವಾಯಿತು. ಆದರೂ ರಾಣಿ ದಶಕಗಳ ಕಾಲ ತನ್ನ ನೆಲವನ್ನು ಕಾಯ್ದುಕೊಂಡಳು. ಕೊನೆಗೆ ಆ ರಾಜ್ಯ ಕೆಳದಿಯ ನಾಯಕರ ಪಾಲಾಯಿತು. “ಇದು ವಿರೋಧೀ ಹಿಂಸೆ. ಮೇಲೆ ಬಿದ್ದವರಿಂದ ತನ್ನವರನ್ನು ಕಾಯುವುದು. ಗೃಹಸ್ಥನಿಗೆ ಇದು ಪೂರ್ತಿ ತಪ್ಪಿದ್ದಲ್ಲ. ಕೋಟೆಯೆಂದರೆ ಊರಿನ ಗುರಾಣಿ” ಎಂದರು ಅಜ್ಜ.

ಅಲ್ಲಿಂದ ದಕ್ಷಿಣಕ್ಕೆ ಹೊನ್ನಾವರ, ಹೊನ್ನಾವರದಿಂದ ಶರಾವತಿಯ ಗುಂಟ ಗೇರುಸೊಪ್ಪೆ. ದಾರಿಯಲ್ಲಿ ಅಡಿಕೆ ತೋಟಗಳ ನಡುವೆ ಒಂದು ತಿರುವು ಬಂದಾಗ ಹುಡುಗ ಕೇಳಿದ: “ಚಿಕ್ಕಜ್ಜನ ಮನೆಗೆ ಹೋಗುವುದಿಲ್ಲವೇ?” ಅಜ್ಜ ಕಿಟಕಿಯ ಹೊರಗೆ ನೋಡುತ್ತ “ಮಳೆ ಬರುವ ಹಾಗಿದೆ” ಎಂದರು. ಆಕಾಶ ಆಗ ತಿಳಿಯಾಗಿಯೇ ಇತ್ತು.

ಗೇರುಸೊಪ್ಪೆಯ ಚತುರ್ಮುಖ ಬಸದಿ ಕಾಡಿನ ಮೌನದಲ್ಲಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ಜಿನಬಿಂಬಗಳು. ಮೇಲಿನ ಶಿಖರ ಉಳಿದಿಲ್ಲ. ಹುಡುಗ ಪ್ರದಕ್ಷಿಣೆ ಮುಗಿಸಿ ಬಂದು ಮೆಲ್ಲನೆ ಹೇಳಿದ: “ನನ್ನ ಯೋಧನಿಗೆ ಬೆನ್ನ ಹಿಂದಿನಿಂದ ಬಂದವರದೇ ಭಯ. ಇಲ್ಲಿ ಬೆನ್ನೇ ಇಲ್ಲ.” ಅಜ್ಜ ತಲೆದೂಗಿದರು.

ಮಧ್ಯಾಹ್ನದ ಮೇಲೆ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ. ಶಾಸನಗಳಲ್ಲಿ ಸಂಗೀತಪುರವೆನಿಸಿದ, ಸಾಳುವ ಅರಸರು ಆಳಿದ ಊರು. ಅಲ್ಲಿಯ ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯ ಅಂಗಳದಲ್ಲಿ ಕುಳಿತು ಅಜ್ಜ ವೀರಗಲ್ಲುಗಳ ಮಾತು ತೆಗೆದರು. ಕನ್ನಡನಾಡಿನ ಎಲ್ಲ ಮೂಲೆಗಳಲ್ಲಿಯೂ ಕಾಣುವ ಆ ಕಲ್ಲುಗಳಲ್ಲಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಊರಿನ ದನಗಳನ್ನು ಹೊಡೆದೊಯ್ದಾಗ ಬಿಡಿಸಲು ಹೋದವನು, ಹೆಣ್ಣುಮಕ್ಕಳ ಮಾನ ಕಾಯಲು ನಿಂತವನು, ಊರಿನ ಅಳಿವನ್ನು ತಡೆಯಲು ಮಡಿದವನು. ಇಂಥವರಿಗೆ ಕಲ್ಲು ನಿಲ್ಲಿಸಿದರು. ಎಷ್ಟು ಜನರನ್ನು ಕೊಂದನೆಂಬುದಕ್ಕಿಂತ ಯಾರಿಗಾಗಿ ನಿಂತನೆಂಬುದು ಅಲ್ಲಿ ಮುಖ್ಯವಾಯಿತು. ನಮ್ಮವರಲ್ಲಿಯೂ ಯೋಧರಿಗೆ ಕೊರತೆಯಿರಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು 981ರ ಸುಮಾರಿಗೆ ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ರಣರಂಗದಲ್ಲಿ ಬಿರುದುಗಳನ್ನು ಗಳಿಸಿದ ಆತ ಕಲ್ಲಿನಲ್ಲಿ ಕಡೆಯಿಸಿದ್ದು ಮಾತ್ರ ಕತ್ತಿಯೂ ಗುರಾಣಿಯೂ ಇಲ್ಲದವನನ್ನು. ಆ ಬಾಹುಬಲಿ ಅಣ್ಣನೊಡನೆ ಕಾದಿದಾಗಲೂ, ಸೇನೆಗಳು ಸಾಯಬಾರದೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲ ಎಂಬ ಆಯುಧವಿಲ್ಲದ ಮೂರು ಯುದ್ಧಗಳನ್ನೇ ಗೊತ್ತುಮಾಡಿದ್ದರು. ಅಣ್ಣ-ತಮ್ಮಂದಿರ ಜಗಳವೆಂಬ ಮಾತು ಬಾಯಿಂದ ಹೊರಬಿದ್ದೊಡನೆ ಅಜ್ಜ ಮಾತು ನಿಲ್ಲಿಸಿದರು.

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಮರಳುವಾಗ ಹುಡುಗನೇ ಮಾತು ಬೆಳೆಸಿದ. ಗುರಾಣಿಯ ಬಳಕೆಯಲ್ಲಿ ಹೊಸಬರೆಲ್ಲ ಮಾಡುವ ಒಂದು ತಪ್ಪಿದೆಯಂತೆ. ಹೆದರಿದವನು ಗುರಾಣಿಯನ್ನು ಎತ್ತಿದ್ದು ಎತ್ತಿಯೇ ಇರುತ್ತಾನೆ. ಪ್ರತಿಯೊಂದು ಏಟನ್ನು ತಡೆದಾಗಲೂ ಯೋಧನ ಕಸುವು ಸ್ವಲ್ಪ ಇಳಿಯುತ್ತದೆ. ಗುರಾಣಿ ಎತ್ತಿ ಹಿಡಿದಿರುವಷ್ಟು ಹೊತ್ತು ಆ ಕಸುವು ಮರಳಿ ತುಂಬುವುದು ಬಲು ನಿಧಾನ. ಕಡೆಗೆ ಅದು ಬರಿದಾಗಿ ತಡೆ ಮುರಿದಾಗ, ಒಂದೇ ಏಟಿಗೆ ಅವನು ತೆರೆದ ಎದೆಯಲ್ಲಿ ಸಿಕ್ಕಿಬೀಳುತ್ತಾನೆ. “ಅದಕ್ಕೇ ಅಜ್ಜ, ಗುರಾಣಿಯವನು ಮೊದಲು ಕಲಿಯಬೇಕಾದದ್ದು ಅದನ್ನು ಇಳಿಸುವುದನ್ನು.”

ಹುಡುಗ ಆಟದ ಮಾತನ್ನಷ್ಟೇ ಆಡಿದ್ದ. ಅಜ್ಜನಿಗೆ ಕೇಳಿಸಿದ್ದು ಬೇರೆ. ತೋಟದ ಗಡಿ ಮತ್ತು ಹಳ್ಳದ ನೀರಿನ ಸರದಿಗಾಗಿ ಸ್ವಂತ ತಮ್ಮನ ಮೇಲೆ ಅವರು ಹೂಡಿದ ದಾವೆಗೆ ಹನ್ನೊಂದು ವರ್ಷಗಳಾಗಿದ್ದವು. ಮೊದಲಲ್ಲಿ ಅದು ರಕ್ಷಣೆಯೇ. ತನ್ನ ಪಾಲನ್ನು ಕಾಯ್ದುಕೊಳ್ಳುವುದು. ಆಮೇಲೆ ಪ್ರತಿ ವಾಯಿದೆಗೂ ಒಂದಿಷ್ಟು ಕಾಗದ, ಒಂದಿಷ್ಟು ಹಳೆಯ ಮಾತು, ಒಂದಿಷ್ಟು ಕಹಿ ಕೂಡುತ್ತ ಬಂತು. ರಾತ್ರಿ ನಿದ್ದೆ ಬಾರದಾಗ ತಮ್ಮನನ್ನು ಮಾತಿನಲ್ಲಿ ಕಡಿದು ಕೆಡವಿದ್ದು ಎಷ್ಟು ಬಾರಿಯೋ. ಮರುದಿನ ಸಾಮಾಯಿಕಕ್ಕೆ ಕುಳಿತು ಎದ್ದಾಗ ಅದೇ ತಮ್ಮ ಅದೇ ಜಾಗದಲ್ಲಿ ಮತ್ತೆ ಎದ್ದು ನಿಂತಿರುತ್ತಿದ್ದ. ನೀರು ಸೋಸಿ ಕುಡಿದು, ಗೆಡ್ಡೆಗೆಣಸು ಬಿಟ್ಟು, ಇರುವೆಯನ್ನೂ ತುಳಿಯದೆ ನಡೆದ ಆ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬ ಯೋಧ ಬೆಳೆಯುತ್ತಿದ್ದ. ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆ ಪ್ರಶ್ನೆಗೆ ತಾವೇ ಗುರಿಯಾಗಿದ್ದರು.

ಮನೆಗೆ ಬಂದ ಮೇಲೆ ಅವರು ಮೊಮ್ಮಗನಿಗೆ ಹೇಳಿದ್ದು ಇಷ್ಟು: “ಪರದೆಯ ಮೇಲಿನ ಆಕೃತಿಗೆ ಪ್ರಾಣವಿಲ್ಲ, ಅದು ಪ್ರಾಣಿವಧೆಯಲ್ಲ. ಆದರೆ ಆಡುವ ಮನಸ್ಸಿಗೆ ಪ್ರಾಣವಿದೆ. ಆಟ ಮುಚ್ಚಿದ ಮೇಲೆ ಒಳಗೆ ಏನು ಉಳಿಯುತ್ತದೆಂದು ನೋಡಿಕೋ. ಸೋತಾಗ ಸಿಟ್ಟು, ಗೆದ್ದಾಗ ಮದ, ಇನ್ನಷ್ಟು ಬೇಕೆಂಬ ಲೋಭ ಉಳಿದರೆ ಹಿಟ್ಟಿನ ಕೋಳಿ ಕೂಗಿತೆಂದೇ ತಿಳಿ. ಏನೂ ಉಳಿಯದಿದ್ದರೆ ಅದು ವೇಷಧಾರಿಯ ಯುದ್ಧ. ಆ ಲೆಕ್ಕವನ್ನು ನಿನ್ನ ಬದಲು ನಾನು ಮಾಡಲಾರೆ.” ಹುಡುಗ ಯೋಚಿಸಿ, ಉಳಿದ ದಿನಗಳಲ್ಲಿ ಆಟ ಮುಟ್ಟುವುದಿಲ್ಲವೆಂದು ನಿಯಮ ಹಿಡಿದ. ಸೋತ ರಾತ್ರಿಗಳಲ್ಲಿ ತಾಯಿಯ ಮೇಲೆ ರೇಗಿದ್ದು ಅವನಿಗೆ ನೆನಪಾಗಿತ್ತು. ಪರ್ವದ ನಂತರ ಆಡಬಾರದೆಂದು ಯಾರೂ ಹೇಳಲಿಲ್ಲ. 2011ರಲ್ಲಿ ಬಂದ ‘ಸ್ಕೈರಿಮ್’ ಎಂಬ ಇನ್ನೊಂದು ಆಟದಲ್ಲಿ ಗುರಾಣಿಯ ಕೌಶಲವು ಏಟುಗಳನ್ನು ತಡೆಯುತ್ತ ಹೋದಂತೆ ತಾನಾಗಿ ಬೆಳೆಯುತ್ತದೆಂದೂ, ಮನುಷ್ಯನು ಮಾಡಿದ್ದರಲ್ಲಿಯೇ ಪಳಗುವ ಆ ಕ್ರಮ ಅಜ್ಜನಿಗೆ ಹೆಚ್ಚು ಒಪ್ಪಿಗೆಯಾಗಬಹುದೆಂದೂ ಅವನು ನಗುತ್ತ ಹೇಳಿದ.

ಅನಂತ ಚತುರ್ದಶಿ ಕಳೆದು ಕ್ಷಮಾವಾಣಿಯ ದಿನ ಬಂತು. ವರ್ಷವೂ ಅಂದು ಬಸದಿಯಲ್ಲಿ ಎದುರಾದವರಿಗೆಲ್ಲ ಕೈಮುಗಿದು ಕ್ಷಮೆ ಬೇಡುವುದು ಅಜ್ಜನ ರೂಢಿ. ಎದುರಾಗುವವರಲ್ಲಿ ತಮ್ಮನಿರುತ್ತಿರಲಿಲ್ಲ, ಇರದಂತೆ ಇಬ್ಬರೂ ಸಮಯ ನೋಡಿಕೊಳ್ಳುತ್ತಿದ್ದರು. ಆ ವರ್ಷ ಅವರು ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ತೋಟದ ತಿರುವಿನಲ್ಲಿ ಇಳಿದು ನಡೆದರು. ತಮ್ಮ ತೋಟದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಅಣ್ಣನನ್ನು ಕಂಡು ಚೊಂಬು ಕೈಯಲ್ಲಿಯೇ ಉಳಿಯಿತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳು ಅಜ್ಜನಿಗೆ ನೆನಪಾಗಲಿಲ್ಲ. “ಮನಸ್ಸಿನಲ್ಲಿ ನಿನ್ನನ್ನು ಬಹಳ ಸಲ ಕೊಂದಿದ್ದೇನೆ. ಕ್ಷಮಿಸು” ಎಂದರು. ತಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಒಳಗೆ ಬಾ ಅಣ್ಣ, ಬೆಲ್ಲ-ನೀರು ತರಿಸುತ್ತೇನೆ” ಎಂದ.

ದಾವೆ ಅಂದೇ ಮುಗಿಯಲಿಲ್ಲ. ಗಡಿಯ ಅಳತೆ ಆಗಬೇಕು, ರಾಜಿಗೆ ಎರಡೂ ಮನೆಯ ಮಕ್ಕಳು ಒಪ್ಪಬೇಕು, ನೀರಿನ ಸರದಿಯ ಬಗ್ಗೆ ಇನ್ನೂ ಮಾತುಗಳಿವೆ. ಪಾಲನ್ನು ಬಿಟ್ಟುಕೊಡಬೇಕೆಂದು ಧರ್ಮ ಅವರಿಬ್ಬರಲ್ಲಿ ಯಾರಿಗೂ ವಿಧಿಸಿಲ್ಲ. ಆದರೆ ಮುಂದಿನ ವಾಯಿದೆಗೆ ಅಣ್ಣ-ತಮ್ಮಂದಿರು ಒಂದೇ ಬಸ್ಸಿನಲ್ಲಿ, ಒಂದೇ ಆಸನದಲ್ಲಿ ಕುಳಿತು ಹೋದುದನ್ನು ಊರಿನವರು ಕಂಡರು. ದಪ್ಪನೆಯ ಫೈಲು ಅಜ್ಜನ ಮಡಿಲಲ್ಲಿತ್ತು. ಅದರ ಮೇಲೆ ತಮ್ಮನ ಮನೆಯ ತೋಟದ ವೀಳ್ಯದೆಲೆಯ ಕಟ್ಟೊಂದಿತ್ತು.