ಬೇಡ ಎಂದವರು

ನಟಿಯ ಹಿರಿಮೆಯನ್ನು ಆಕೆ ಮಾಡಿದ ಪಾತ್ರಗಳಿಂದ ಅಳೆಯುವುದು ರೂಢಿ. ಅಮೆರಿಕದ ಸಿಸಿಲಿ ಟೈಸನ್ ನನಗೆ ಮೆಚ್ಚಾದದ್ದು ಅವರು ಒಲ್ಲೆನೆಂದ ಪಾತ್ರಗಳಿಗಾಗಿ.

1924ರಲ್ಲಿ ನ್ಯೂಯಾರ್ಕಿನ ಬಡ ಕಪ್ಪು ಮನೆತನದಲ್ಲಿ ಹುಟ್ಟಿದ ಇವರು ಮೊದಲು ಟೈಪಿಸ್ಟ್ ಆಗಿದ್ದವರು. ನಟನೆಗೆ ಹೊರಟಾಗ ದೈವಭಕ್ತೆ ತಾಯಿ ಮನೆಯಿಂದಲೇ ಹೊರಹಾಕಿದರು. 1963ರ ಟೀವಿ ಧಾರಾವಾಹಿಯೊಂದರಲ್ಲಿ ಗುಂಗುರು ಕೂದಲನ್ನು ನೇರಮಾಡಿಸದೆ ಇದ್ದ ಹಾಗೆಯೇ ಕಾಣಿಸಿಕೊಂಡರು. ಕಪ್ಪು ಹೆಂಗಸನ್ನು ಕೀಳಾಗಿ ತೋರಿಸುವ ಪಾತ್ರ ಬಂದರೆ, ಹಣ ಎಷ್ಟೇ ಇರಲಿ, ಬೇಡವೆನ್ನುತ್ತಿದ್ದರು. ಕೆಲಸವಿಲ್ಲದೆ ಕಾದು ಕೂತದ್ದೂ ಉಂಟು.

1972ರ 'ಸೌಂಡರ್' ಚಿತ್ರದಲ್ಲಿ ಅವರು ಬಡ ಗೇಣಿದಾರನ ಹೆಂಡತಿ. ಮನೆಯವರ ಹಸಿವಿಗಾಗಿ ಕದ್ದು ಸೆರೆಮನೆ ಸೇರಿದ ಗಂಡ ಕುಂಟುತ್ತಾ ಹಿಂತಿರುಗುವಾಗ ಆಕೆ ಓಡುವ ಓಟವಿದೆಯಲ್ಲ, ಅದರಲ್ಲಿ ಸಂಸಾರದ ಕಷ್ಟವೆಲ್ಲ ಕಾಣುತ್ತದೆ. 1974ರಲ್ಲಿ ಟೀವಿಗಾಗಿ ಗುಲಾಮಳಾಗಿ ಹುಟ್ಟಿದ ಜೇನ್ ಪಿಟ್‌ಮನ್ ಆದರು. ಹರೆಯದಿಂದ 110ರ ಮುಪ್ಪಿನವರೆಗೆ ಒಬ್ಬರೇ. ಕೊನೆಯಲ್ಲಿ ಆ ಮುದುಕಿ ಕೋಲೂರಿ ನಡೆದು, ಬಿಳಿಯರಿಗೆ ಮೀಸಲಾದ ನಲ್ಲಿಯಲ್ಲಿ ಒಂದು ಗುಟುಕು ನೀರು ಕುಡಿಯುತ್ತಾಳೆ. ಮಾತಿಲ್ಲ, ಕೂಗಾಟವಿಲ್ಲ. ಆ ಪಾತ್ರಕ್ಕೆ ಎಮ್ಮಿ ಪ್ರಶಸ್ತಿ ಬಂತು.

2013ರಲ್ಲಿ, 88ರ ವಯಸ್ಸಿನಲ್ಲಿ, ರಂಗಭೂಮಿಯ ಟೋನಿ; 2018ರಲ್ಲಿ ಗೌರವ ಆಸ್ಕರ್. 2021ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತರಗತಿಯಲ್ಲಿ ಈ ಕಥೆ ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಬೇಡ ಅಂದಮೇಲೆ ಮತ್ತೆ ಯಾರೂ ಕರೆಯದಿದ್ದರೆ?"

"ಎಷ್ಟೋ ದಿನ ಕರೆಯಲಿಲ್ಲಮ್ಮ," ಎಂದೆ. "ಆಗಲೂ ಬೇಡವೆಂದೇ ಅಂದರು."